ಕಾಣದ ಅಂಗಡಿಗೂ ಕಾಯಿದೆ ಉಂಟು

ಪಾಮನಕಲ್ಲೂರಿನಲ್ಲಿ ನೆರೆದ ರೈತರ ಸಭೆಯಲ್ಲಿ ಗ್ರಾಮಮಟ್ಟದ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ



ನಾನು ತಮ್ಮ ಹಳ್ಳಿಗಳಿಗೆ ಬರುವುದು ಬೀಜ, ಗೊಬ್ಬರ, ಹುಳು, ರೋಗ ಇವುಗಳ ಮಾತು ಹೇಳಲು. ಮಣ್ಣು ಪರೀಕ್ಷೆ ಮಾಡಿಸಿರಿ, ಬೀಜೋಪಚಾರ ಮಾಡದೆ ಬಿತ್ತಬೇಡಿರಿ ಎಂದು ಹೇಳಿ ಹೋಗುವವನು ನಾನು. ಇಂದು ಅದನ್ನು ಬಿಟ್ಟು ಕಾಯಿದೆಯ ಮಾತನ್ನು ಆಡಲು ನಿಂತಿದ್ದೇನೆ. ನಾನು ವಕೀಲನಲ್ಲ, ಕೃಷಿ ಡಿಪ್ಲೊಮಾ ಓದಿದವನು. ಇವನಿಗೇಕೆ ಈ ಉಸಾಬರಿ ಎಂದು ತಮ್ಮಲ್ಲಿ ಕೆಲವರು ಅಂದುಕೊಳ್ಳಬಹುದು. ಆದರೆ ಈಗ ಬೀಜದ ಮಾತು, ಔಷಧದ ಮಾತು, ಹಣದ ಮಾತು, ಕಾಯಿದೆಯ ಮಾತು ಎಲ್ಲವೂ ಒಂದೇ ಕಡೆಗೆ ಬಂದು ಕೂಡಿವೆ. ಆ ಕಡೆ ಯಾವುದೆಂದರೆ ತಮ್ಮ ಅಂಗಿಯ ಜೇಬಿನಲ್ಲಿರುವ ಫೋನು.

ಹಿಂದೆ ಬೆಳೆಗೆ ಔಷಧ ಬೇಕಾದರೆ ಮಸ್ಕಿಗೋ, ಸಿಂಧನೂರಿಗೋ, ಲಿಂಗಸುಗೂರಿಗೋ ಬಸ್ಸು ಹತ್ತಿ ಹೋಗುತ್ತಿದ್ದೆವು. ಅಂಗಡಿಯವನ ಮುಖ ನಮಗೆ ಗೊತ್ತು. ನಮ್ಮ ಊರು, ಮನೆತನ ಅವನಿಗೆ ಗೊತ್ತು. ಮಾಲು ಕೆಟ್ಟದ್ದಾದರೆ ಡಬ್ಬಿ ಹಿಡಿದು ಅವನ ಅಂಗಡಿಯ ಮುಂದೆ ನಿಂತು ಕೇಳಬಹುದಾಗಿತ್ತು. ನಾಲ್ಕು ಜನ ಕೂಡುತ್ತಿದ್ದರು. ಮರ್ಯಾದೆಗೆ ಅಂಜಿಯಾದರೂ ಅವನು ಒಂದು ದಾರಿ ತೋರಿಸುತ್ತಿದ್ದನು. ಆ ಅಂಗಡಿಗಳು ಈಗಲೂ ಇವೆ. ಆದರೆ ಅವುಗಳ ಜೊತೆಗೆ ಬಾಗಿಲು ಕಾಣದ, ಮಾಲೀಕನ ಮುಖ ಕಾಣದ ಅಂಗಡಿಯೊಂದು ಮನೆಮನೆಗೆ ಬಂದಿದೆ. ಫೋನಿನಲ್ಲಿ ಚಿತ್ರ ನೋಡುತ್ತೇವೆ, ಬೆರಳು ಒತ್ತುತ್ತೇವೆ, ನಾಲ್ಕಾರು ದಿನಗಳಲ್ಲಿ ಮಾಲು ಬಾಗಿಲಿಗೆ ಬರುತ್ತದೆ. ಅನುಕೂಲವೇನೋ ನಿಜ. ಆದರೆ ಮಾಲು ಕೆಟ್ಟದ್ದಾದರೆ ಎಲ್ಲಿ ಹೋಗಿ ನಿಲ್ಲಬೇಕು? ಯಾರನ್ನು ಕೇಳಬೇಕು?

ಕೇಳುವವರೇ ಇಲ್ಲ, ಅದು ಗಾಳಿಯ ವ್ಯಾಪಾರ, ಹೋದದ್ದು ಹೋಯಿತು ಎಂದು ಬಹಳ ಜನ ತಿಳಿದಿದ್ದಾರೆ. ಇದು ತಪ್ಪು ತಿಳಿವಳಿಕೆ. ನಾನು ಇಂದು ಹೇಳಬೇಕೆಂದಿರುವುದು ಒಂದೇ ಮಾತು: ಕಾಣದ ಅಂಗಡಿಗೂ ಕಾಯಿದೆ ಉಂಟು. ಆದರೆ ಆ ಕಾಯಿದೆಯು ರಸೀದಿ ಇಟ್ಟುಕೊಂಡವನ ಮತ್ತು ವೇಳೆಗೆ ಸರಿಯಾಗಿ ಬಾಯಿ ತೆರೆದವನ ಕೈ ಹಿಡಿಯುತ್ತದೆ. ಉಳಿದವನ ಕೈ ಹಿಡಿಯುವುದು ಅದಕ್ಕೂ ಕಷ್ಟ.

ನನ್ನದೇ ಒಂದು ತಪ್ಪು

ಈ ಮಾತನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನಿಂದ ಒಬ್ಬರಿಗೆ ನಷ್ಟವಾಯಿತು, ಅದರಿಂದ ಕಲಿತೆನು. ಅದನ್ನು ತಮ್ಮ ಮುಂದೆ ಹೇಳಿಬಿಡುತ್ತೇನೆ.

2021ರ ಕೊನೆಯಲ್ಲಿ ನಾನು ಕೆಲಸಕ್ಕೆ ಹೊಸಬ. ಆ ಹಂಗಾಮಿನಲ್ಲಿ ಮೆಣಸಿನಕಾಯಿ ಬೆಳೆಗೆ ಹೂವಿನೊಳಗೆ ಕೂತು ಹೂ ಉದುರಿಸುವ ಕಪ್ಪು ಥ್ರಿಪ್ಸ್ ಹುಳು ಬಿದ್ದದ್ದು ತಮಗೆ ನೆನಪಿರಬಹುದು. ಯಾವ ಔಷಧ ಹೊಡೆದರೂ ಹಿಡಿತಕ್ಕೆ ಬರಲಿಲ್ಲ. ನಾನು ಕಾಕಾ ಎಂದು ಕರೆಯುವ ಹಿರಿಯರೊಬ್ಬರು ಎರಡು ಎಕರೆ ಮೆಣಸಿನ ಗಿಡ ಹಚ್ಚಿದ್ದರು. ಒಂದು ಸಂಜೆ ಹೊಲದ ಬದುವಿನಲ್ಲಿ ನಿಂತು, “ಏನು ಮಾಡೋಣಪಾ?” ಎಂದು ಕೇಳಿದರು. ನಾನು ಫೋನು ತೆಗೆದೆನು. ಆನ್‌ಲೈನ್ ಅಂಗಡಿಯೊಂದರಲ್ಲಿ ಒಂದು ಬಾಟಲಿಯ ಚಿತ್ರವಿತ್ತು. ಜೈವಿಕ ಔಷಧ, ಮೂರು ದಿನಗಳಲ್ಲಿ ಥ್ರಿಪ್ಸ್ ನಿರ್ಮೂಲ ಎಂದು ಬರೆದಿತ್ತು. ಕೆಳಗೆ ನೂರಾರು ಜನರ ಹೊಗಳಿಕೆಯೂ ಇತ್ತು. “ಕಾಕಾ, ಇದನ್ನು ತರಿಸಿ ನೋಡಿರಿ” ಎಂದೆನು. ಅವರು ಮಗನ ಫೋನಿನಿಂದ ಎರಡು ಬಾಟಲಿ ತರಿಸಿದರು. 3,600 ರೂಪಾಯಿ ಕೊಟ್ಟರು. ನನ್ನ ಮಾತಿನ ಮೇಲೆ ಭರವಸೆ ಇಟ್ಟು ಬೇರೆ ಯಾವ ಔಷಧವನ್ನೂ ಹೊಡೆಯದೆ ಹತ್ತು ದಿನ ಕಾದರು.

ಹುಳು ಸಾಯಲಿಲ್ಲ. ಹೂ ಉಳಿಯಲಿಲ್ಲ. ಎರಡು ಎಕರೆಯ ಬೆಳೆ ಹೋಯಿತು.

ಆ ಬಾಟಲಿಯ ಚೀಟಿಯ ಮೇಲೆ ನೋಂದಣಿ ಸಂಖ್ಯೆಯೇ ಇರಲಿಲ್ಲ. ಅದನ್ನು ಮೊದಲೇ ನೋಡಬೇಕಾದವನು ನಾನು, ನೋಡಲಿಲ್ಲ. ಕಾಯಿದೆ ಏನು ಹೇಳುತ್ತದೆ ಎಂಬುದು ನನಗೂ ತಿಳಿದಿರಲಿಲ್ಲ. ಕಾಕಾ ಅವರು ಒಂದು ಮಾತು ಅನ್ನಲಿಲ್ಲ. ನಾನೂ ನಾಚಿಕೆಯಿಂದ ಕೆಲವು ತಿಂಗಳು ಆ ಹೊಲದ ಕಡೆಗೆ ಹೋಗಲಿಲ್ಲ. ಮುಂದೆ 2024ರ ಫೆಬ್ರವರಿಯಲ್ಲಿ ಒಂದು ತರಬೇತಿಗೆ ಹೋದಾಗ ಗ್ರಾಹಕರ ಕಾಯಿದೆಯ ವಿಷಯ ಕೇಳಿದೆನು. ದೂರು ಕೊಡಲು ಎರಡು ವರ್ಷದ ಗಡುವು ಎಂದರು. ಬೆರಳು ಮಡಿಚಿ ಲೆಕ್ಕ ಹಾಕಿದೆನು. ಗಡುವು ದಾಟಿ ಎರಡು ತಿಂಗಳಾಗಿತ್ತು. ತಡವಾದುದಕ್ಕೆ ತಕ್ಕ ಕಾರಣ ತೋರಿಸಿದರೆ ಆಯೋಗವು ಮನ್ನಿಸಬಹುದು ಎಂದೂ ಕೇಳಿ ಆಸೆಯಿಂದ ಅವರ ಮನೆಗೆ ಓಡಿದೆನು. ಪೆಟ್ಟಿಗೆಯೂ ಅದರೊಳಗಿನ ಬಿಲ್ಲೂ ನೀರೊಲೆಗೆ ಹೋಗಿದ್ದವು. ಬಾಟಲಿಗಳನ್ನು ಬದುವಿಗೆ ಎಸೆದಿದ್ದರು. ಮಳೆಗೆ ಚೀಟಿ ಕಳಚಿಹೋಗಿತ್ತು. ಮಗನು ಬೆಂಗಳೂರಿಗೆ ದುಡಿಯಲು ಹೋದವನು ಫೋನನ್ನೂ ನಂಬರನ್ನೂ ಬದಲಾಯಿಸಿದ್ದನು. ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಕಾಯಿದೆ ಇತ್ತು, ಅದಕ್ಕೆ ತೋರಿಸಲು ಒಂದು ತುಂಡು ಕಾಗದ ಇರಲಿಲ್ಲ.

ಆದುದರಿಂದ ನಾನು ಕಲಿತದ್ದನ್ನು ತಮಗೆ ಕ್ರಮವಾಗಿ ಹೇಳುತ್ತೇನೆ. ದಯವಿಟ್ಟು ಗಮನವಿಟ್ಟು ಕೇಳಿರಿ.

ಬೆರಳು ಒತ್ತಿದರೂ ಕರಾರೇ

ಮೊದಲನೆಯದಾಗಿ, ಫೋನಿನಲ್ಲಿ ಆದ ವ್ಯಾಪಾರವು ವ್ಯಾಪಾರವೇ. ನಮ್ಮ ದೇಶದಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆ ಎಂಬುದು 2000ದಲ್ಲಿ ಆಯಿತು. ಆ ವರ್ಷದ ಅಕ್ಟೋಬರ್ 17ರಿಂದ ಜಾರಿಗೆ ಬಂದಿತು. ಕಾಗದದ ಮೇಲಿನ ಬರಹಕ್ಕೆ ಇರುವ ಬೆಲೆಯನ್ನು ಆ ಕಾಯಿದೆಯು ಕಂಪ್ಯೂಟರಿನಲ್ಲಿ, ಫೋನಿನಲ್ಲಿ ಇರುವ ಬರಹಕ್ಕೂ ಕೊಟ್ಟಿತು. 2008ರ ತಿದ್ದುಪಡಿಯಿಂದ, ಇಂಥ ಮಾರ್ಗದಲ್ಲಿ ಆಯಿತು ಎಂಬ ಒಂದೇ ಕಾರಣಕ್ಕೆ ಕರಾರು ಬಿದ್ದುಹೋಗುವುದಿಲ್ಲ ಎಂದೂ ಸ್ಪಷ್ಟವಾಯಿತು. ಇದಕ್ಕೆ ಎರಡು ಮುಖಗಳಿವೆ. ಅಂಗಡಿಯವನು ಫೋನಿನಲ್ಲಿ ಬರೆದ ಮಾತಿಗೆ ಅವನು ಬದ್ಧ. ಹಾಗೆಯೇ “ಒಪ್ಪಿದೆ” ಎಂದು ನಾವು ಒತ್ತಿದ ಗುಂಡಿಗೆ ನಾವೂ ಬದ್ಧರು.

ಆ “ಒಪ್ಪಿದೆ” ಎಂಬುದರ ಹಿಂದೆ ಏನಿದೆ ಎಂದು ಓದುವವರು ಯಾರು? ಅಕ್ಷರ ಸಣ್ಣದು, ಬಹಳ ಸಲ ನಮ್ಮ ಭಾಷೆಯಲ್ಲಿಯೂ ಇರುವುದಿಲ್ಲ. ನಮ್ಮ ಪಕ್ಕದ ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನವಿದೆ. 1915ರಲ್ಲಿ ಬೆಳಕಿಗೆ ಬಂದ ಆ ಶಾಸನದಲ್ಲಿ ಅಶೋಕ ಎಂಬ ಹೆಸರೇ ಸಿಕ್ಕಿದ್ದರಿಂದ ಲೋಕದ ವಿದ್ವಾಂಸರೆಲ್ಲ ಮಸ್ಕಿಯ ಹೆಸರು ಅರಿತರು. ಸಣ್ಣವರಿಗೂ ದೊಡ್ಡವರಿಗೂ ಈ ಮಾತನ್ನು ತಿಳಿಸಬೇಕು ಎಂಬುದು ಅದರ ತಾತ್ಪರ್ಯ. ಅರಸನು ತನ್ನ ಮಾತನ್ನು ದಾರಿಹೋಕರಿಗೆ ಕಾಣುವಂತೆ ಬಂಡೆಯ ಮೇಲೆ ಕೊರೆಸಿದನು. ಇಂದಿನ ಅಂಗಡಿಯವನು ತನ್ನ ಷರತ್ತನ್ನು ಬೆರಳಿನ ಕೆಳಗೆ ಅಡಗಿಸುತ್ತಾನೆ. ಇದಕ್ಕೂ ಸರಕಾರವು ಒಂದು ಕಟ್ಟು ಹಾಕಿದೆ. ಮೊದಲೇ ಗುರುತು ಹಾಕಿಟ್ಟು “ನೀವು ಒಪ್ಪಿದ್ದೀರಿ” ಎನ್ನುವಂತಿಲ್ಲ. ಕೊಳ್ಳುವವನು ತಾನೇ ಒತ್ತಿ ಒಪ್ಪಬೇಕು. ಅಲ್ಲದೆ 2023ರ ನವೆಂಬರ್ 30ರಂದು ಹೊರಟ ಕೇಂದ್ರದ ಮಾರ್ಗಸೂಚಿಯು ಕೊಳ್ಳುವವನನ್ನು ಮೋಸಗೊಳಿಸುವ 13 ಬಗೆಯ ಉಪಾಯಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. “ಇನ್ನು ಎರಡೇ ಉಳಿದಿವೆ, ಐದು ನಿಮಿಷದಲ್ಲಿ ಕೊಳ್ಳಿರಿ” ಎಂದು ಸುಳ್ಳು ಅವಸರ ಹುಟ್ಟಿಸುವುದು, ನಾವು ಕೇಳದ ವಸ್ತುವನ್ನು ಲೆಕ್ಕದಲ್ಲಿ ಸೇರಿಸುವುದು ಇವೆಲ್ಲ ಅದರಲ್ಲಿ ಸೇರಿವೆ. ಅವಸರಪಡಿಸುವ ವ್ಯಾಪಾರಿಯ ಮುಂದೆ ಅವಸರ ಮಾಡಬಾರದು ಎಂಬುದು ಎತ್ತಿನ ಸಂತೆಯಲ್ಲಿ ತಮಗೆ ಗೊತ್ತೇ ಇದೆ. ಫೋನಿನಲ್ಲಿಯೂ ಅದೇ ಬುದ್ಧಿ ಸಾಕು.

ಸಂತೆ ಕೂಡಿಸಿದವನು, ಸಂತೆಯಲ್ಲಿ ಮಾರಿದವನು

ಎರಡನೆಯದಾಗಿ, ಹೊಣೆ ಯಾರದು? ಸಂತೆಯಲ್ಲಿ ಜಾಗ ಕೊಟ್ಟು ಕರ ವಸೂಲು ಮಾಡುವವನು ಒಬ್ಬ. ಅಲ್ಲಿ ಚೀಲ ಬಿಚ್ಚಿ ಮಾರುವವನು ಇನ್ನೊಬ್ಬ. ಫೋನಿನ ಅಂಗಡಿಗಳಲ್ಲಿ ಬಹಳಷ್ಟು ಹೀಗೆಯೇ. ದೊಡ್ಡ ಹೆಸರಿನ ಕಂಪನಿಯು ಸಂತೆ ಕೂಡಿಸುತ್ತದೆ. ಮಾರುವವನು ಬೇರೊಬ್ಬ ವ್ಯಾಪಾರಿ. ನಾವು ದೂರು ಹೇಳಿದರೆ, “ನಾವು ಮಾರಿಲ್ಲ, ಜಾಗ ಮಾತ್ರ ಕೊಟ್ಟಿದ್ದೇವೆ” ಎನ್ನುತ್ತಾರೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ 79ನೆಯ ಕಲಮು ಇಂಥ ಮಧ್ಯವರ್ತಿಗೆ ರಕ್ಷಣೆ ಕೊಟ್ಟಿರುವುದು ನಿಜ. ಆದರೆ ಅದು ಪುಕ್ಕಟೆಯ ರಕ್ಷಣೆ ಅಲ್ಲ. ಅವನು ಮಾಡಬೇಕಾದ ಎಚ್ಚರಿಕೆಗಳನ್ನೆಲ್ಲ ಮಾಡಿರಬೇಕು.

ಆ ಎಚ್ಚರಿಕೆಗಳು ಯಾವುವು? 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು 2020ರ ಜುಲೈಯಲ್ಲಿ ಜಾರಿಗೆ ಬಂದಿತು. ಆನ್‌ಲೈನಿನಲ್ಲಿ ಕೊಂಡವನೂ ಗ್ರಾಹಕನೇ ಎಂದು ಅದು ಬಾಯಿ ಬಿಟ್ಟು ಹೇಳಿತು. ಅದೇ ತಿಂಗಳಲ್ಲಿ ಇ-ವಾಣಿಜ್ಯದ ನಿಯಮಗಳೂ ಹೊರಟವು. ಅವುಗಳ ಪ್ರಕಾರ ಪ್ರತಿಯೊಂದು ಆನ್‌ಲೈನ್ ಅಂಗಡಿಯು ತನ್ನ ಪೂರ್ಣ ಹೆಸರು, ವಿಳಾಸ, ದೂರು ಕೇಳುವ ಅಧಿಕಾರಿಯ ಹೆಸರು ಮತ್ತು ಸಂಪರ್ಕವನ್ನು ಕಾಣುವಂತೆ ಹಾಕಿರಬೇಕು. ದೂರು ತಲುಪಿತು ಎಂದು ಆ ಅಧಿಕಾರಿಯು 48 ಗಂಟೆಯೊಳಗೆ ತಿಳಿಸಬೇಕು. ಒಂದು ತಿಂಗಳೊಳಗೆ ಅದನ್ನು ತೀರಿಸಬೇಕು. ಸಂತೆ ಕೂಡಿಸಿದವನು ಪ್ರತಿ ದೂರಿಗೂ ಒಂದು ಸಂಖ್ಯೆ ಕೊಡಬೇಕು. ಮಾಲು ಮಾರಿದವನ ವಿಳಾಸವನ್ನು ಕೊಂಡವನು ಬರೆದು ಕೇಳಿದರೆ ಕೊಡಬೇಕು. ಮಾಲು ಕೆಟ್ಟಿದ್ದರೆ, ನಕಲಿ ಆಗಿದ್ದರೆ, ತೋರಿಸಿದಂತೆ ಇಲ್ಲದಿದ್ದರೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಹಣ ಕೊಡುವುದಿಲ್ಲ ಎಂದು ಮಾರಿದವನು ಹೇಳುವಂತಿಲ್ಲ. ತಾನೇ ಗ್ರಾಹಕನ ವೇಷ ಹಾಕಿ ತನ್ನ ಮಾಲನ್ನು ಹೊಗಳಿಕೊಂಡು ಬರೆಯುವಂತೆಯೂ ಇಲ್ಲ. ಅಂದು ನಾನು ನಂಬಿದ ಆ ನೂರಾರು ಹೊಗಳಿಕೆಗಳಲ್ಲಿ ನಿಜವಾದವು ಎಷ್ಟೋ, ಆ ದೇವರಿಗೇ ಗೊತ್ತು.

ಔಷಧ ಮತ್ತು ಬೀಜ

ಮೂರನೆಯದಾಗಿ, ರೈತರಾದ ನಮಗೆ ಬಹು ಮುಖ್ಯವಾದ ಮಾತು. ಬಟ್ಟೆ ಬಣ್ಣ ಬಿಟ್ಟರೆ ಒಂದು ಬಟ್ಟೆ ಹೋಯಿತು. ಔಷಧ ಸುಳ್ಳಾದರೆ ಒಂದು ವರ್ಷ ಹೋಯಿತು.

ಕೀಟನಾಶಕಗಳಿಗೆ 1968ರ ಕಾಯಿದೆ ಇದೆ. ನೋಂದಣಿ ಆಗದ ಕೀಟನಾಶಕವನ್ನು ಮಾರುವಂತಿಲ್ಲ. ಲೈಸೆನ್ಸು ಇಲ್ಲದವನು ಮಾರುವಂತಿಲ್ಲ. 2022ರ ನವೆಂಬರಿನಲ್ಲಿ ಕೇಂದ್ರ ಸರಕಾರವು ನಿಯಮಗಳಿಗೆ ತಿದ್ದುಪಡಿ ತಂದು, ಲೈಸೆನ್ಸು ಪಡೆದವರು ಆನ್‌ಲೈನಿನಲ್ಲಿಯೂ ಮಾರಬಹುದೆಂದು ಅವಕಾಶ ಕೊಟ್ಟಿತು. ಅದರೊಂದಿಗೆ ಮಾರುವವನ ಲೈಸೆನ್ಸು ಸರಿಯಾಗಿದೆಯೇ ಎಂದು ನೋಡುವ ಹೊಣೆಯನ್ನು ಆನ್‌ಲೈನ್ ಅಂಗಡಿಯ ಮೇಲೆಯೇ ಹೊರಿಸಿತು. ಆದುದರಿಂದ ಔಷಧದ ವಿಷಯದಲ್ಲಿ “ನಾವು ಜಾಗ ಮಾತ್ರ ಕೊಟ್ಟಿದ್ದೇವೆ” ಎಂಬ ಮಾತಿಗೆ ಈಗ ಹಿಂದಿನ ಬಲವಿಲ್ಲ.

ಡಬ್ಬಿ ಕೈಗೆ ಬಂದೊಡನೆ ಮುಚ್ಚಳ ತೆಗೆಯುವ ಮೊದಲು ನೋಡತಕ್ಕದ್ದು ಇಷ್ಟು: ನೋಂದಣಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಾದ ದಿನ, ಅವಧಿ ಮುಗಿಯುವ ದಿನ, ತಯಾರಿಸಿದವರ ವಿಳಾಸ, ಮತ್ತು ವಿಷದ ಪ್ರಮಾಣ ತೋರಿಸುವ ಕೆಂಪು, ಹಳದಿ, ನೀಲಿ ಇಲ್ಲವೆ ಹಸಿರು ಬಣ್ಣದ ಗುರುತು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಹೊಡೆಯಬೇಡಿರಿ. ಜೈವಿಕ ಎಂಬ ಮಾತಿಗೆ ಮರುಳಾಗಬೇಡಿರಿ. ಹುಳು ಕೊಲ್ಲುತ್ತದೆ ಎಂದು ಹೇಳಿಕೊಳ್ಳುವ ಯಾವ ವಸ್ತುವಿಗೂ ನೋಂದಣಿ ಬೇಕು. ಬೆಳೆಗೆ ಚೈತನ್ಯ ಕೊಡುತ್ತದೆ ಎಂದು ಮಾರುವ ಜೈವಿಕ ಉತ್ತೇಜಕಗಳನ್ನೂ 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ಕೆಳಗೆ ತಂದಿದ್ದಾರೆ. ಸಂದೇಹ ಬಂದರೆ ಡಬ್ಬಿಯನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತನ್ನಿರಿ. ಇಲ್ಲವೆ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಫೋನು ಮಾಡಿರಿ, ಹಣ ಬೀಳುವುದಿಲ್ಲ.

ರೈತನು ವ್ಯಾಪಾರಕ್ಕಾಗಿ ಬೆಳೆಯುತ್ತಾನೆ, ಅವನು ಗ್ರಾಹಕ ಹೇಗೆ ಆಗುತ್ತಾನೆ ಎಂದು ಕಂಪನಿಗಳು ಹಿಂದೆ ವಾದ ಮಾಡಿದ್ದುಂಟು. ಆಂಧ್ರದ ರೈತರು ಮತ್ತು ರಾಷ್ಟ್ರೀಯ ಬೀಜ ನಿಗಮದ ನಡುವಿನ ಮೊಕದ್ದಮೆಯಲ್ಲಿ 2012ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಾದವನ್ನು ತಳ್ಳಿಹಾಕಿತು. ಬೀಜ ಕೊಂಡ ರೈತನು ಗ್ರಾಹಕನೇ ಎಂದಿತು. ಬಿತ್ತಿದ ಬೀಜವನ್ನು ಪರೀಕ್ಷೆಗೆಂದು ರೈತನು ಎತ್ತಿಟ್ಟಿರಬೇಕು ಎಂದು ಕೇಳುವುದು ನ್ಯಾಯವಲ್ಲ ಎಂಬ ಅಭಿಪ್ರಾಯವನ್ನೂ ಕೊಟ್ಟಿತು. ನ್ಯಾಯಾಲಯವು ನಮ್ಮ ಕಷ್ಟ ಅರಿತಿದೆ. ಆದರೂ ನನ್ನ ವಿನಂತಿ: ಪ್ರತಿ ಚೀಲದಿಂದ ಒಂದು ಹಿಡಿ ಬೀಜ, ಚೀಲದ ಚೀಟಿ, ಬಿಲ್ಲು ಈ ಮೂರನ್ನೂ ಸುಗ್ಗಿ ಮುಗಿಯುವವರೆಗೆ ಎತ್ತಿಡಿರಿ.

ದೂರು ಕೊಡುವ ದಾರಿ

ನಾಲ್ಕನೆಯದಾಗಿ, ದೂರು ಎಲ್ಲಿ ಕೊಡಬೇಕು? ಮಾರಿದವನು ದಿಲ್ಲಿಯಲ್ಲಿಯೋ ಮುಂಬಯಿಯಲ್ಲಿಯೋ ಇರುತ್ತಾನೆ, ನಾವು ಅಲ್ಲಿಗೆ ಹೋಗುವುದುಂಟೇ ಎಂಬ ಹೆದರಿಕೆ ಬೇಡ. 2019ರ ಕಾಯಿದೆಯ ಬಹು ದೊಡ್ಡ ಉಪಕಾರ ಇದೇ: ದೂರು ಕೊಡುವವನು ತಾನು ವಾಸ ಮಾಡುವ ಜಿಲ್ಲೆಯಲ್ಲಿಯೇ ಕೊಡಬಹುದು. ಅಂದರೆ ಪಾಮನಕಲ್ಲೂರಿನವರು ರಾಯಚೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಉತ್ತರ ಕೊಡಲು ಕಂಪನಿಯೇ ರಾಯಚೂರಿಗೆ ಬರಬೇಕು.

ಮೊದಲು ಆ ಅಂಗಡಿಯ ದೂರು ಅಧಿಕಾರಿಗೆ ಬರೆದು ಸಂಖ್ಯೆ ಪಡೆಯಿರಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿರಿ. ಕನ್ನಡದಲ್ಲಿ ಮಾತನಾಡಬಹುದು. ಬಹಳ ದೂರುಗಳು ಇಲ್ಲಿಯೇ ತೀರುತ್ತವೆ. ತೀರದಿದ್ದರೆ ಜಿಲ್ಲಾ ಆಯೋಗ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯ ಒಳಗಿದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದಿಲ್ಲ, ತಮ್ಮ ಮಾತನ್ನು ತಾವೇ ಹೇಳಿಕೊಳ್ಳಬಹುದು. 2025ರ ಜನವರಿಯಿಂದ ಇ-ಜಾಗೃತಿ ಎಂಬ ಸರಕಾರಿ ಜಾಲತಾಣದ ಮೂಲಕ ಕುಳಿತಲ್ಲಿಂದಲೇ ದೂರು ಸಲ್ಲಿಸುವ ಏರ್ಪಾಡಾಗಿದೆ. ವಿಡಿಯೊ ಮೂಲಕ ವಿಚಾರಣೆ ಕೇಳಿಕೊಳ್ಳಲೂ ಅವಕಾಶವಿದೆ. ವಸ್ತುವಿನ ಬೆಲೆಯಷ್ಟೇ ಅಲ್ಲ, ಅದರಿಂದ ಆದ ನಷ್ಟಕ್ಕೂ ಪರಿಹಾರ ಕೇಳಬಹುದು. ಎಲ್ಲಕ್ಕೂ ಗಡುವು ಎರಡು ವರ್ಷ. ಈ ಎರಡು ವರ್ಷವನ್ನು ಮರೆಯಬೇಡಿರಿ. ಮರೆತವನ ಗತಿಯನ್ನು ಈಗಾಗಲೇ ಹೇಳಿದ್ದೇನೆ.

ಇದು ನಡೆಯುತ್ತದೆಯೇ ಎಂದು ಕೇಳಬಹುದು. ನಡೆದದ್ದನ್ನು ನಾನು ಕಂಡಿದ್ದೇನೆ. ಹೋದ ಮುಂಗಾರಿನಲ್ಲಿ ನಮ್ಮ ಒಬ್ಬ ಅಕ್ಕ ಔಷಧ ಹೊಡೆಯುವ ಬ್ಯಾಟರಿ ಪಂಪನ್ನು ಫೋನಿನಲ್ಲಿ ತರಿಸಿದರು. ಪೆಟ್ಟಿಗೆ ಬಿಚ್ಚುವಾಗ ಮಗಳ ಕೈಯಿಂದ ವಿಡಿಯೊ ಹಿಡಿಸಿದರು. ನೀರು ತುಂಬಿದರೆ ತಳದಲ್ಲಿ ಸೋರುತ್ತಿತ್ತು. ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಅಂಗಡಿಯವರು ಎರಡು ಸಲ ಹೇಳಿದರು. ಅಕ್ಕ ಹೆದರಲಿಲ್ಲ. ಬಿಲ್ಲು, ವಿಡಿಯೊ, ದೂರಿನ ಸಂಖ್ಯೆ ಇಟ್ಟುಕೊಂಡು 1915ಕ್ಕೆ ಹೇಳಿದರು. ತಿಂಗಳು ತುಂಬುವುದರೊಳಗೆ ಪೂರ್ಣ ಹಣ ಖಾತೆಗೆ ಬಂತು. ಅವರು ಮೂರನೆಯ ತರಗತಿ ಓದಿದವರು. ಆದರೆ ಪೆಟ್ಟಿಗೆಯನ್ನು ಒಲೆಗೆ ಹಾಕಲಿಲ್ಲ.

ಹಣ ಹೋದಾಗ ಗಂಟೆಗಳ ಲೆಕ್ಕ

ಐದನೆಯದಾಗಿ, ಕೆಟ್ಟ ಮಾಲು ಬೇರೆ, ಕಳ್ಳತನ ಬೇರೆ. ಸಹಾಯ ಕೇಳಲೆಂದು ಫೋನಿನಲ್ಲಿ ಹುಡುಕಿ ಸಿಕ್ಕ ಯಾವುದೋ ನಂಬರಿಗೆ ಮಾತನಾಡಿ ಮೋಸ ಹೋದವರಿದ್ದಾರೆ. ಹಣ ಹಿಂದಕ್ಕೆ ಕೊಡುತ್ತೇವೆ, ಪಿನ್ ಒತ್ತಿರಿ ಎನ್ನುತ್ತಾರೆ. ಒಂದು ಮಾತು ಕಲ್ಲಿನಲ್ಲಿ ಕೊರೆದಂತೆ ನೆನಪಿಡಿರಿ: ಹಣ ಕೊಡುವಾಗ ಪಿನ್ ಬೇಕು, ಹಣ ಬರುವಾಗ ಪಿನ್ ಬೇಡ. ಬೇರೊಬ್ಬನ ವೇಷ ಹಾಕಿ ಫೋನಿನ ಮೂಲಕ ವಂಚಿಸುವವನಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮಿನಂತೆ ಮೂರು ವರ್ಷದವರೆಗೆ ಸೆರೆಮನೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಉಂಟು.

ಆದರೆ ಕಳ್ಳನಿಗೆ ಶಿಕ್ಷೆ ಆಗುವುದು ಬೇರೆ, ನಮ್ಮ ಹಣ ನಮಗೆ ಸಿಗುವುದು ಬೇರೆ. ಹಣ ಹೋದದ್ದು ತಿಳಿದ ಕೂಡಲೆ, ಆ ಗಳಿಗೆಯಲ್ಲಿಯೇ, 1930ಕ್ಕೆ ಫೋನು ಮಾಡಿರಿ. ನಿಮ್ಮ ಬ್ಯಾಂಕಿಗೂ ತಿಳಿಸಿರಿ. ಬೇಗ ಹೇಳಿದರೆ ಹಣವು ಕಳ್ಳನ ಖಾತೆಯಿಂದ ಮುಂದಕ್ಕೆ ಹೋಗದಂತೆ ತಡೆಹಿಡಿಯಬಹುದು. ಕಾಲುವೆಯ ನೀರು ತೂಬು ದಾಟುವ ಮೊದಲು ಕಟ್ಟಿದಂತೆ ಇದು. ದಾಟಿದ ಮೇಲೆ ಯಾರ ಹೊಲಕ್ಕೆ ಹೋಯಿತೆಂದು ಹುಡುಕುವುದು ಕಷ್ಟ. ಮನೆಯವರು ಬೈದಾರು ಎಂದು ಒಂದು ರಾತ್ರಿ ಮುಚ್ಚಿಟ್ಟರೆ ಆ ರಾತ್ರಿಯೇ ಕಳ್ಳನಿಗೆ ಸಾಕು. ತಂದೆತಾಯಂದಿರಲ್ಲಿ ನನ್ನ ಬೇಡಿಕೆ: ಮಕ್ಕಳು ಬಂದು ಹೇಳಿದಾಗ ಮೊದಲು ಫೋನು ಮಾಡಿರಿ, ಆಮೇಲೆ ಬೈಯಿರಿ.

ಮಾರುವವರು ನಾವೇ ಆದಾಗ

ಕೊನೆಯದಾಗಿ, ನಾವು ಬರೇ ಕೊಳ್ಳುವವರಲ್ಲ. ನಮ್ಮ ಮಹಿಳಾ ಸಂಘಗಳ ತಾಯಂದಿರು ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಗಳನ್ನು ಫೋನಿನ ಮೂಲಕ ದೂರದ ಊರಿಗೆ ಕಳಿಸಬೇಕೆಂದು ನನ್ನನ್ನು ಕೇಳುತ್ತಿದ್ದಾರೆ. ಬಹಳ ಸಂತೋಷ. ಆದರೆ ಕಾಯಿದೆಯ ತಕ್ಕಡಿಗೆ ಎರಡೂ ತಟ್ಟೆ ಒಂದೇ. ಮಾರಲು ನಿಂತರೆ ಅದೇ ನಿಯಮಗಳು ನಮ್ಮನ್ನೂ ಕಟ್ಟುತ್ತವೆ.

ತಿನ್ನುವ ಪದಾರ್ಥಕ್ಕೆ ಆಹಾರ ಸುರಕ್ಷತೆಯ ನೋಂದಣಿ ಬೇಕು. ಪೊಟ್ಟಣದ ಮೇಲೆ ಸಂಘದ ಹೆಸರು, ವಿಳಾಸ, ನಿವ್ವಳ ತೂಕ, ಕಟ್ಟಿದ ತಿಂಗಳು, ಗರಿಷ್ಠ ಬೆಲೆ, ದೂರಿಗೆ ಫೋನ್ ನಂಬರು ಇರಬೇಕು. ಇವುಗಳಲ್ಲಿ ಮುಖ್ಯವಾದವುಗಳನ್ನು 2018ರ ಜನವರಿಯಿಂದ ಆನ್‌ಲೈನ್ ಪುಟದಲ್ಲಿಯೂ ತೋರಿಸಬೇಕೆಂದು ಮಾಡಿದ್ದಾರೆ. ಹಿಂದೆ ಆನ್‌ಲೈನ್ ಸಂತೆಯಲ್ಲಿ ಸಾಮಾನು ಮಾರಬೇಕಾದರೆ ಎಷ್ಟೇ ಸಣ್ಣವರಾದರೂ ಜಿ.ಎಸ್.ಟಿ. ನೋಂದಣಿ ಮಾಡಿಸಬೇಕಾಗಿತ್ತು. 2023ರ ಅಕ್ಟೋಬರ್ 1ರಿಂದ, ವಹಿವಾಟು ಮಿತಿಯೊಳಗಿದ್ದು ನಮ್ಮ ರಾಜ್ಯದೊಳಗೇ ಮಾರುವ ಸಣ್ಣವರಿಗೆ ಅದರಿಂದ ಬಿಡುಗಡೆ ಸಿಕ್ಕಿದೆ, ಜಿ.ಎಸ್.ಟಿ. ಜಾಲತಾಣದಲ್ಲಿ ಒಂದು ದಾಖಲಾತಿ ಸಂಖ್ಯೆ ಪಡೆದರೆ ಸಾಕು. ಕೊಂಡವರ ವಿಳಾಸ, ಫೋನ್ ನಂಬರುಗಳು ನಮ್ಮ ಕೈಗೆ ಬಂದರೆ ಅವನ್ನು ಇತರರಿಗೆ ಕೊಡಬಾರದು. 2023ರ ವೈಯಕ್ತಿಕ ಮಾಹಿತಿ ಸಂರಕ್ಷಣೆಯ ಕಾಯಿದೆಗೆ 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾಗಿವೆ. ಅವು ಹಂತಹಂತವಾಗಿ ಜಾರಿಗೆ ಬರುವಂತೆ ಏರ್ಪಾಡು ಮಾಡಿದ್ದಾರೆ. ಈಗಿನಿಂದಲೇ ರೂಢಿ ಮಾಡಿಕೊಳ್ಳುವುದು ಒಳ್ಳೆಯದು. ನಮ್ಮ ಹಿಂಡಿ ಕೊಂಡ ಬೆಂಗಳೂರಿನ ತಾಯಿಗೂ ನಾವು ಕಾಣದ ಅಂಗಡಿಯೇ ಅಲ್ಲವೇ?

ನಾಲ್ಕು ಮಾತು ನೆನಪಿರಲಿ

ಬಾಂಧವರೆ, ಇಷ್ಟೆಲ್ಲ ಹೇಳಿದುದರಲ್ಲಿ ಕಲಮುಗಳ ಸಂಖ್ಯೆ ಮರೆತರೂ ಚಿಂತೆಯಿಲ್ಲ. ನಾಲ್ಕನ್ನು ಮಾತ್ರ ಮರೆಯಬೇಡಿರಿ.

ಪೆಟ್ಟಿಗೆ ಬಿಚ್ಚುವಾಗ ಫೋನಿನಲ್ಲಿ ವಿಡಿಯೊ ಹಿಡಿಯಿರಿ.

ಬಿಲ್ಲು, ಚೀಟಿ, ಖಾಲಿ ಡಬ್ಬಿ ಇವನ್ನು ಬೆಳೆ ಕೈಗೆ ಬರುವವರೆಗೆ ಮಕ್ಕಳಿಗೆ ಎಟುಕದಂತೆ ಹೊರಗಿನ ಕೊಟ್ಟಿಗೆಯಲ್ಲಿ ಇಡಿರಿ. ಬಿಲ್ಲಿನ ಫೋಟೊ ಇನ್ನೊಬ್ಬರ ಫೋನಿನಲ್ಲಿಯೂ ಇರಲಿ.

ಕೆಟ್ಟ ಮಾಲಿಗೆ 1915, ಹೋದ ಹಣಕ್ಕೆ 1930. ಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಾದರೂ ಬರೆದಿಡಿರಿ.

ಹಣಕ್ಕೆ ಗಂಟೆಗಳ ಗಡುವು. ದೂರಿಗೆ ಎರಡು ವರ್ಷದ ಗಡುವು.

ಕಾಕಾ ಅವರ ಮಾತನ್ನು ಹೇಳಿ ಮುಗಿಸುತ್ತೇನೆ. ಬಿಲ್ಲು ಸಿಗದೆ ಅವರ ಪಡಸಾಲೆಯಲ್ಲಿ ಕುಳಿತ ದಿನ ನಾನು, “ಕಾಕಾ, ತಪ್ಪು ನನ್ನದು, ಚೀಟಿ ನೋಡದೆ ಹೇಳಿದೆ” ಎಂದೆನು. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ಹೋದ ಬೆಳಿ ಹೋತು. ನೀ ನಾಚಿಕಿ ಪಟಗೊಂಡು ನಮ್ಮ ಹೊಲಕ್ಕ ಬರೋದು ಬಿಟ್ಟಿ ನೋಡು, ಅದು ತಪ್ಪು. ಅವತ್ತ ಬಂದು ಇಬ್ಬರೂ ಕೂತು ಕೇಳಿದ್ದರ ಏನಾರ ದಾರಿ ಸಿಗತಿತ್ತು. ಇನ್ನ ಮ್ಯಾಲ ಮಂದಿಗೆ ಹೇಳು.”

ಅವರು ಇಂದು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ಅವರ ಅಪ್ಪಣೆ ಪಡೆದೇ ಇದನ್ನು ಹೇಳಿದ್ದೇನೆ. ನಾಚಿಕೆಯಿಂದ ಮುಚ್ಚಿಟ್ಟ ನಷ್ಟವು ಎರಡು ಪಟ್ಟು ನಷ್ಟ. ಅದು ಮೋಸ ಮಾಡಿದವನಿಗೆ ಮಾತ್ರ ಲಾಭ. ಫೋನಿನಲ್ಲಿ ಕೊಂಡ ಯಾವ ವಸ್ತುವಿನಲ್ಲಿ ತೊಂದರೆಯಾದರೂ, ಎಷ್ಟು ಸಣ್ಣದಾದರೂ, ನನ್ನ ಬಳಿ ಬನ್ನಿರಿ. ಬಿಲ್ಲು ಹಿಡಿದುಕೊಂಡು ಬನ್ನಿರಿ. ಇಬ್ಬರೂ ಕೂಡಿ ಬರೆಯೋಣ.